ಎರಡರ್ಥದ ಒಂದು ಪದ: ಎಪ್ಪತ್ತರ ದಶಕದ ಅಮೆರಿಕದ ಕಪ್ಪು ಸಾಹಸಚಿತ್ರಗಳು

ಅಮೆರಿಕದಲ್ಲಿ 1970ರ ಆಸುಪಾಸಿನಲ್ಲಿ ಆರಂಭವಾಗಿ, ಹೆಚ್ಚುಕಡಿಮೆ ಆರು ವರ್ಷಗಳೊಳಗೆ ಮುಗಿದುಹೋದ ಒಂದು ಚಿತ್ರಪರಂಪರೆಯಿದೆ. ಕಪ್ಪು ಜನಾಂಗದ ನಟನಟಿಯರನ್ನು ಮುಖ್ಯಪಾತ್ರಗಳಲ್ಲಿಟ್ಟು, ನಗರಗಳ ಕಪ್ಪು ಪ್ರೇಕ್ಷಕರನ್ನೇ ಗುರಿಯಾಗಿಸಿಕೊಂಡು, ಕಡಿಮೆ ಬಂಡವಾಳದಲ್ಲಿ ಕೆಲವೇ ವಾರಗಳೊಳಗೆ ಚಿತ್ರೀಕರಿಸಿದ ಹೊಡೆದಾಟದ ಮತ್ತು ಅಪರಾಧಲೋಕದ ಚಿತ್ರಗಳು ಇವು. ಇವುಗಳಿಗೆ ‘ಬ್ಲ್ಯಾಕ್ಸ್‌ಪ್ಲಾಯ್ಟೇಶನ್’ ಎಂಬ ಹೆಸರು ಬಂದದ್ದು 1972ರಲ್ಲಿ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಹಾಲಿವುಡ್ ಶಾಖೆಯ ಅಧ್ಯಕ್ಷರಾಗಿದ್ದ ಜೂನಿಯಸ್ ಗ್ರಿಫಿನ್, ‘ಬ್ಲ್ಯಾಕ್’ ಮತ್ತು ‘ಎಕ್ಸ್‌ಪ್ಲಾಯ್ಟೇಶನ್’ ಎಂಬ ಎರಡು ಪದಗಳನ್ನು ಬೆಸೆದು ಇದನ್ನು ಟಂಕಿಸಿದರು. ಅವರ ಉದ್ದೇಶ ಹೊಗಳುವುದಾಗಿರಲಿಲ್ಲ, ಖಂಡಿಸುವುದಾಗಿತ್ತು.

ಕನ್ನಡದಲ್ಲಿ ಎಕ್ಸ್‌ಪ್ಲಾಯ್ಟೇಶನ್ ಎಂದರೆ ‘ಶೋಷಣೆ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಅಮೆರಿಕದ ಚಿತ್ರೋದ್ಯಮದ ಒಳಗಿನ ಮಾತಿನಲ್ಲಿ ಆ ಪದಕ್ಕೆ ಇನ್ನೊಂದು ಹಳೆಯ ಅರ್ಥವೂ ಇತ್ತು. ಜನರಿಗೆ ಯಾವುದಾದರೊಂದು ವಿಷಯದಲ್ಲಿ ಕುತೂಹಲವಿದೆಯೆಂದು ಗೊತ್ತಾದೊಡನೆ, ಅದು ಮೋಟಾರ್‌ಸೈಕಲ್ ತಂಡಗಳಿರಲಿ, ಮಾದಕವಸ್ತುಗಳಿರಲಿ, ರಾಕ್ಷಸಪ್ರಾಣಿಗಳಿರಲಿ, ಅದರ ಸುತ್ತ ಅಗ್ಗದಲ್ಲೊಂದು ಚಿತ್ರ ಮಾಡಿ, ಅಬ್ಬರದ ಪ್ರಚಾರದ ಬಲದಿಂದ ಓಡಿಸಿ, ಹಾಕಿದ ಹಣವನ್ನು ಬೇಗ ಹಿಂಪಡೆಯುವ ವ್ಯಾಪಾರಕ್ರಮಕ್ಕೆ ಆ ಹೆಸರಿತ್ತು. ಗ್ರಿಫಿನ್ ಅವರ ಪದದಲ್ಲಿ ಈ ವ್ಯಾಪಾರದ ಅರ್ಥವೂ ಇದೆ, ಶೋಷಣೆಯ ಅರ್ಥವೂ ಇದೆ. ಈ ಚಿತ್ರಗಳ ಬಗ್ಗೆ ಇಂದಿಗೂ ನಡೆಯುವ ವಾದವಿವಾದಗಳಲ್ಲಿ ಬಹಳಷ್ಟು ಗೊಂದಲ ಹುಟ್ಟುವುದು ಈ ಎರಡು ಅರ್ಥಗಳನ್ನು ಬೇರ್ಪಡಿಸದೆ ಹೋಗುವುದರಿಂದ ಎಂದು ನನ್ನ ಅಭಿಪ್ರಾಯ. ಒಂದೊಂದು ಚಿತ್ರದ ಬಗ್ಗೆಯೂ ಹಣ ಹಾಕಿದವರು ಯಾರು, ಲಾಭ ಯಾರ ಕೈಸೇರಿತು, ಪರದೆಯ ಮೇಲೆ ಏನು ಕಾಣಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳಿದರೆ, ಒಂದೇ ಹಣೆಪಟ್ಟಿಯಡಿ ಎಷ್ಟು ಬೇರೆಬೇರೆ ಬಗೆಯ ಚಿತ್ರಗಳಿವೆ ಎಂಬುದು ಕಾಣತೊಡಗುತ್ತದೆ.

ಮೊದಲು, ಇವು 1970ರ ಹೊತ್ತಿಗೇ ಏಕೆ ಹುಟ್ಟಿದವು ಎಂಬುದನ್ನು ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಅಮೆರಿಕದ ಚಿತ್ರಮಂದಿರಗಳಲ್ಲಿ ವಾರಕ್ಕೆ 8 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಗುತ್ತಿದ್ದವು. ಟೆಲಿವಿಷನ್ ಮನೆಮನೆಗೂ ಬಂದ ಮೇಲೆ ಆ ಸಂಖ್ಯೆ ಇಳಿಯುತ್ತ ಇಳಿಯುತ್ತ 1970ರ ಸುಮಾರಿಗೆ 2 ಕೋಟಿಗೂ ಕೆಳಗೆ ಬಂದಿತ್ತು. ಅದೇ ಕಾಲದಲ್ಲಿ ಬಿಳಿಯ ಮಧ್ಯಮವರ್ಗದವರು ಹೊಸ ಹೆದ್ದಾರಿಗಳ ಜಾಡು ಹಿಡಿದು ನಗರದ ಹೊರವಲಯದ ಬಡಾವಣೆಗಳಿಗೆ ಮನೆ ಬದಲಿಸಿದ್ದರಿಂದ, ಊರ ನಡುವೆ ವೈಭವದಿಂದ ಕಟ್ಟಿದ್ದ ಎರಡು ಮೂರು ಸಾವಿರ ಆಸನಗಳ ದೊಡ್ಡ ಚಿತ್ರಮಂದಿರಗಳು ಖಾಲಿ ಬೀಳತೊಡಗಿದವು. ಆ ಚಿತ್ರಮಂದಿರಗಳ ಸುತ್ತಮುತ್ತ ಉಳಿದವರು ಕಪ್ಪು ಜನರು. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಚಿಕ್ಕದಾಗಿದ್ದರೂ ದೊಡ್ಡ ನಗರಗಳ ಟಿಕೆಟ್ ಮಾರಾಟದಲ್ಲಿ ಅವರ ಪಾಲು ಅದಕ್ಕಿಂತ ಬಹಳ ಹೆಚ್ಚಿತ್ತು.

ಆ ಪ್ರೇಕ್ಷಕರಿಗೆ ಪರದೆಯ ಮೇಲೆ ಅಲ್ಲಿಯವರೆಗೆ ಸಿಕ್ಕಿದ್ದೇನು? ಅರವತ್ತರ ದಶಕದಲ್ಲಿ ಕಪ್ಪು ನಾಯಕನಟನೆಂದರೆ ಸಿಡ್ನಿ ಪೋಯ್ಟಿಯೆ ಒಬ್ಬರೇ ಎನ್ನುವಂತಿತ್ತು. ಅವರು ಘನವಾದ ನಟರು. 1967ನೇ ಒಂದೇ ವರ್ಷದಲ್ಲಿ ಅವರ ಮೂರು ಚಿತ್ರಗಳು ಭರ್ಜರಿಯಾಗಿ ಓಡಿದ್ದವು. ಆದರೆ ಅವರಿಗೆಂದು ಬರೆದ ಪಾತ್ರಗಳೆಲ್ಲ ಬಿಳಿಯ ಪ್ರೇಕ್ಷಕರಿಗೆ ಎಲ್ಲಿಯೂ ಇರಿಸುಮುರಿಸಾಗದಂತೆ ತಿದ್ದಿತೀಡಿದ, ಅತಿಯಾಗಿ ತಾಳ್ಮೆಯುಳ್ಳ ಸಜ್ಜನರ ಪಾತ್ರಗಳಾಗಿದ್ದವು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಹತ್ತಾರು ನಗರಗಳು ಹೊತ್ತಿ ಉರಿದ ಮೇಲೆ, ಆ ತಾಳ್ಮೆಯ ನಾಯಕನಲ್ಲಿ ತಮ್ಮನ್ನು ಕಾಣುವುದು ಕಪ್ಪು ಯುವಜನರಿಗೆ ಸಾಧ್ಯವಿರಲಿಲ್ಲ. ಅದೇ ವರ್ಷ ಹಾಲಿವುಡ್ ತನ್ನ ಹಳೆಯ ನೀತಿಸಂಹಿತೆಯನ್ನು ಕೈಬಿಟ್ಟು ವಯಸ್ಸಿಗೆ ತಕ್ಕ ಶ್ರೇಣಿ ಕೊಡುವ ಪದ್ಧತಿಯನ್ನು ತಂದಿದ್ದರಿಂದ, ರಕ್ತಪಾತ, ಲೈಂಗಿಕತೆ, ಬೀದಿಯ ಬೈಗುಳ ಎಲ್ಲವನ್ನೂ ತೋರಿಸುವ ದಾರಿಯೂ ತೆರೆಯಿತು. 1969ರಲ್ಲಿ ಒಕ್ಕೂಟ ಸರ್ಕಾರದ ಉದ್ಯೋಗ ಸಮಾನತಾ ಆಯೋಗ ಲಾಸ್ ಏಂಜಲಿಸ್‌ನಲ್ಲಿ ವಿಚಾರಣೆ ನಡೆಸಿ, ಸ್ಟುಡಿಯೋಗಳೂ ಕಾರ್ಮಿಕ ಸಂಘಗಳೂ ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳದೆ ದೂರವಿಟ್ಟ ಸಂಗತಿಯನ್ನು ಬಯಲಿಗೆ ತಂದಿತು.

ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ ಬೀದಿಗಳಲ್ಲೇ ಚಿತ್ರೀಕರಿಸಿ ಆಸಿ ಡೇವಿಸ್ ನಿರ್ದೇಶಿಸಿದ ‘ಕಾಟನ್ ಕಮ್ಸ್ ಟು ಹಾರ್ಲೆಮ್’ 1970ರಲ್ಲಿ ಗೆದ್ದು ಮಾರುಕಟ್ಟೆಯಿದೆಯೆಂದು ತೋರಿಸಿಕೊಟ್ಟಿತು. ಆದರೆ ನೆಲ ನಡುಗಿಸಿದ್ದು ಮರುವರ್ಷ ಬಂದ ಮೆಲ್ವಿನ್ ವ್ಯಾನ್ ಪೀಬಲ್ಸ್ ಅವರ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್’. ಹಣದ ಜಾಡು ಹಿಡಿದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಕೊಲಂಬಿಯಾ ಸ್ಟುಡಿಯೋಗೆ ಒಂದು ಹಾಸ್ಯಚಿತ್ರ ಮಾಡಿಕೊಟ್ಟಿದ್ದ ವ್ಯಾನ್ ಪೀಬಲ್ಸ್, ಈ ಕಥೆಗೆ ಯಾವ ಸ್ಟುಡಿಯೋವೂ ದುಡ್ಡು ಹಾಕುವುದಿಲ್ಲವೆಂದು ತಿಳಿದು, ತಮ್ಮ ಸ್ವಂತ ಹಣವನ್ನು ಸುರಿದರು. ಸಾಲದೆ ಬಂದಾಗ ನಟ ಬಿಲ್ ಕಾಸ್ಬಿ ಅವರಿಂದ 50,000 ಡಾಲರ್ ಸಾಲ ಪಡೆದರು. ಕಾರ್ಮಿಕ ಸಂಘದ ಸದಸ್ಯರನ್ನೇ ಇಟ್ಟುಕೊಳ್ಳಬೇಕೆಂಬ ನಿಯಮವಿದ್ದರೆ ಕಪ್ಪು ಮತ್ತು ಲ್ಯಾಟಿನೋ ತಂತ್ರಜ್ಞರಿಗೆ ಅವಕಾಶವೇ ಇರುತ್ತಿರಲಿಲ್ಲ. ಆದ್ದರಿಂದ ತಾವು ತೆಗೆಯುತ್ತಿರುವುದು ಅಶ್ಲೀಲ ಚಿತ್ರವೆಂದು ಸುದ್ದಿ ಹಬ್ಬಿಸಿದರು. ಅಂಥ ಚಿತ್ರಗಳ ಗೋಜಿಗೆ ಸಂಘಗಳು ಹೋಗುತ್ತಿರಲಿಲ್ಲ. ಚಿತ್ರೀಕರಣ 19 ದಿನಗಳಲ್ಲಿ ಮುಗಿಯಿತು. ನಿರ್ದೇಶನ, ಚಿತ್ರಕಥೆ, ಸಂಕಲನ, ಸಂಗೀತ ಎಲ್ಲವೂ ಅವರದೇ, ನಾಯಕನೂ ಅವರೇ. ತಾರಾಗಣದ ಹೆಸರು ಬರುವಲ್ಲಿ ಮೊದಲು ಕಾಣಿಸುವುದು ‘ಕಪ್ಪು ಸಮುದಾಯ’ ಎಂಬ ಹೆಸರು.

ಕಥೆ ಬಹಳ ಸರಳ. ವೇಶ್ಯಾಗೃಹವೊಂದರಲ್ಲಿ ಬೆಳೆದ ಸ್ವೀಟ್‌ಬ್ಯಾಕ್ ಎಂಬಾತ, ಇಬ್ಬರು ಪೊಲೀಸರು ಒಬ್ಬ ಕಪ್ಪು ಹೋರಾಟಗಾರ ಯುವಕನನ್ನು ಬಡಿಯುತ್ತಿರುವುದನ್ನು ಕಂಡು, ತನ್ನ ಕೈಗೆ ತೊಡಿಸಿದ್ದ ಬೇಡಿಯಿಂದಲೇ ಅವರನ್ನು ಹೊಡೆದು ಉರುಳಿಸುತ್ತಾನೆ. ಅಲ್ಲಿಂದ ಚಿತ್ರದ ಕೊನೆಯವರೆಗೂ ಓಡುತ್ತಲೇ ಇರುತ್ತಾನೆ. ಅವನು ಸಾಯುವುದಿಲ್ಲ; ಮೆಕ್ಸಿಕೋ ಗಡಿ ದಾಟಿ ತಪ್ಪಿಸಿಕೊಳ್ಳುತ್ತಾನೆ. ಪೊಲೀಸರ ಮೇಲೆ ಕೈ ಎತ್ತಿದ ಕಪ್ಪು ಮನುಷ್ಯನೊಬ್ಬ ಚಿತ್ರ ಮುಗಿದಾಗಲೂ ಬದುಕಿರುವುದನ್ನು ಅಮೆರಿಕದ ಪ್ರೇಕ್ಷಕ ಅದುವರೆಗೆ ಕಂಡಿರಲಿಲ್ಲವೆಂಬುದನ್ನು ನೆನಪಿಟ್ಟುಕೊಂಡರೆ, 1971ರ ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ ಡೆಟ್ರಾಯಿಟ್ ಮತ್ತು ಅಟ್ಲಾಂಟಾದ ತಲಾ ಒಂದೊಂದು ಚಿತ್ರಮಂದಿರದಲ್ಲಿ ಮಾತ್ರ ತೆರೆಕಂಡ ಈ ಚಿತ್ರ ಹೇಗೆ ಸುಮಾರು ಒಂದೂವರೆ ಕೋಟಿ ಡಾಲರ್ ಗಳಿಸಿತು ಎಂಬುದು ಅರ್ಥವಾಗುತ್ತದೆ. ಚಿತ್ರಕ್ಕೆ ವಯಸ್ಕರಿಗೆ ಮಾತ್ರ ಎಂಬರ್ಥದ ಎಕ್ಸ್ ಶ್ರೇಣಿ ಸಿಕ್ಕಾಗ ವ್ಯಾನ್ ಪೀಬಲ್ಸ್ ಅದನ್ನೂ ಜಾಹೀರಾತಿಗೆ ಬಳಸಿದರು: ಪೂರ್ತಿ ಬಿಳಿಯರೇ ಇದ್ದ ತೀರ್ಪುಗಾರ ಮಂಡಳಿ ಕೊಟ್ಟ ಎಕ್ಸ್ ಇದು ಎಂದು ಘೋಷಿಸಿದರು. ದಕ್ಷಿಣದ ರಾಜ್ಯಗಳ ನ್ಯಾಯಾಲಯಗಳಲ್ಲಿ ಅಂಥ ಮಂಡಳಿಗಳು ತಮ್ಮವರಿಗೆ ಹೇಗೆ ನ್ಯಾಯ ನಿರಾಕರಿಸಿದ್ದವೆಂಬುದು ಗೊತ್ತಿದ್ದ ಪ್ರೇಕ್ಷಕನಿಗೆ ಆ ಸಾಲನ್ನು ವಿವರಿಸುವ ಅಗತ್ಯವಿರಲಿಲ್ಲ. ಕಪ್ಪು ಜನರ ಸಶಸ್ತ್ರ ಆತ್ಮರಕ್ಷಣೆಯನ್ನು ಪ್ರತಿಪಾದಿಸುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹ್ಯೂಯಿ ನ್ಯೂಟನ್ ಈ ಚಿತ್ರವನ್ನು ಕ್ರಾಂತಿಕಾರಿಯೆಂದು ಎತ್ತಿಹಿಡಿದು ಪಕ್ಷದ ಪತ್ರಿಕೆಯಲ್ಲಿ ದೀರ್ಘವಾಗಿ ಬರೆದರು. ಕಪ್ಪು ಓದುಗರ ‘ಎಬನಿ’ ಪತ್ರಿಕೆಯಲ್ಲಿ ಲೆರೋನ್ ಬೆನೆಟ್, ಲೈಂಗಿಕ ಸಾಮರ್ಥ್ಯವನ್ನು ವಿಮೋಚನೆಯೆಂದು ಭ್ರಮಿಸುವ ಚಿತ್ರವಿದು ಎಂದು ಕಟುವಾಗಿ ಟೀಕಿಸಿದರು. ನನಗೆ ಬೆನೆಟ್ ಅವರ ಮಾತಿನಲ್ಲಿ ಹೆಚ್ಚು ಸತ್ಯ ಕಾಣುತ್ತದೆ. ಆದರೆ ಹಣ ಹಾಕಿದವನೇ ಚಿತ್ರದ ಒಡೆಯನಾಗಿದ್ದ, ಲಾಭವೂ ಅವನಿಗೇ ಸೇರಿದ ಈ ಚಿತ್ರಕ್ಕೆ ಶೋಷಣೆಯ ಹಣೆಪಟ್ಟಿ ಹಚ್ಚುವುದು ಮಾತ್ರ ಸರಿಯಲ್ಲ.

ಅದೇ ವರ್ಷದ ಜುಲೈನಲ್ಲಿ ಬಂದ ‘ಶಾಫ್ಟ್’ ಚಿತ್ರದ ಹಿನ್ನೆಲೆ ಇದಕ್ಕೆ ತೀರ ಬೇರೆ. ಅದನ್ನು ತಯಾರಿಸಿದ್ದು ಎಂಜಿಎಂ. ಹಿಂದಿನ ವರ್ಷವಷ್ಟೇ ತನ್ನ ಹಳೆಯ ಚಿತ್ರಗಳ ಉಡುಪು, ಪೀಠೋಪಕರಣಗಳನ್ನು ಹರಾಜು ಹಾಕಿದ್ದ, ಆರ್ಥಿಕವಾಗಿ ಕುಸಿದಿದ್ದ ದೊಡ್ಡ ಸ್ಟುಡಿಯೋ ಅದು. ನಿರ್ದೇಶಕ ಗಾರ್ಡನ್ ಪಾರ್ಕ್ಸ್, ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕರಾಗಿ ದೇಶಕ್ಕೇ ಪರಿಚಿತರಾಗಿದ್ದವರು. 1969ರಲ್ಲಿ ಒಂದು ದೊಡ್ಡ ಸ್ಟುಡಿಯೋಗಾಗಿ ಚಿತ್ರ ನಿರ್ದೇಶಿಸಿದ ಮೊದಲ ಕಪ್ಪು ಅಮೆರಿಕನ್ ಕೂಡ ಅವರೇ. ನ್ಯೂಯಾರ್ಕಿನ ಖಾಸಗಿ ಪತ್ತೇದಾರ ಜಾನ್ ಶಾಫ್ಟ್‌ನ ಕಥೆ ಪತ್ತೇದಾರಿ ಕಾದಂಬರಿಗಳನ್ನು ಓದಿದವರಿಗೆ ಹೊಸದೇನಲ್ಲ. ಹೊಸತನವೆಲ್ಲ ಇರುವುದು ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿ.

ಆ ಆರಂಭವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಯಾಮೆರಾ ಎತ್ತರದಿಂದ ನಲವತ್ತೆರಡನೇ ಬೀದಿಯ ಚಿತ್ರಮಂದಿರಗಳ ಫಲಕಗಳನ್ನು ಒಂದೊಂದಾಗಿ ಸವರಿಕೊಂಡು ಹೋಗುತ್ತದೆ. ಇರುವುದು ಸಂಚಾರದ ಗದ್ದಲವಷ್ಟೇ. ಸುರಂಗ ರೈಲು ನಿಲ್ದಾಣದ ಮೆಟ್ಟಿಲೇರಿ ಉದ್ದನೆಯ ಚರ್ಮದ ಕೋಟು ತೊಟ್ಟ ರಿಚರ್ಡ್ ರೌಂಡ್‌ಟ್ರೀ ಮೇಲೆ ಬರುತ್ತಿದ್ದಂತೆ, ಐಸಾಕ್ ಹೇಯ್ಸ್ ಅವರ ಸಂಗೀತ ತೊಡಗುತ್ತದೆ. ಹೈಹ್ಯಾಟ್ ತಾಳದ ಬಿಡುವಿಲ್ಲದ ಚಿಟಿಚಿಟಿ, ಅದರ ಮೇಲೆ ಅಳುವಂತೆಯೂ ಮಾತಾಡುವಂತೆಯೂ ಕೇಳುವ ವಾವಾ ಗಿಟಾರು. ಹಾಡಿನ ಮಾತು ಬರುವವರೆಗೆ ಬಹಳ ಹೊತ್ತು ಅವನು ಸುಮ್ಮನೆ ನಡೆಯುತ್ತಾನೆ. ಕೆಂಪುದೀಪ, ಹಸಿರುದೀಪ ಎಂದು ನೋಡದೆ ವಾಹನಗಳ ನಡುವೆ ರಸ್ತೆ ದಾಟುತ್ತಾನೆ. ಮೈಮೇಲೆ ಬಂದ ಕಾರಿನವನನ್ನು ಅಲ್ಲೇ ಬೈದು ಮುಂದೆ ಹೋಗುತ್ತಾನೆ. ಕಥೆಯ ದೃಷ್ಟಿಯಿಂದ ಇಲ್ಲಿ ಏನೂ ನಡೆಯುವುದಿಲ್ಲ. ಆದರೆ ಕಪ್ಪು ಮನುಷ್ಯನೊಬ್ಬ ಮ್ಯಾನ್‌ಹ್ಯಾಟನ್ನಿನ ನಟ್ಟನಡುವೆ, ಯಾರಿಗೂ ದಾರಿ ಬಿಡದೆ, ಯಾರ ಅಪ್ಪಣೆಯನ್ನೂ ಕೇಳದೆ, ಊರೇ ತನ್ನದೆಂಬಂತೆ ನಡೆಯುವುದನ್ನು ಅಷ್ಟು ದೀರ್ಘವಾಗಿ ನೋಡುವ ಅವಕಾಶವನ್ನು ಅದುವರೆಗೆ ಯಾವ ಸ್ಟುಡಿಯೋವೂ ಕೊಟ್ಟಿರಲಿಲ್ಲ. ಮನುಷ್ಯರ ನಿಲುವು, ನಡಿಗೆಗಳನ್ನು ಸ್ಥಿರಚಿತ್ರಗಳಲ್ಲಿ ದಶಕಗಟ್ಟಲೆ ಹಿಡಿದಿದ್ದ ಪಾರ್ಕ್ಸ್ ಅವರ ಕಣ್ಣು ಇಲ್ಲಿ ಕೆಲಸ ಮಾಡಿದೆ. ಚಿತ್ರ ಸುಮಾರು 1 ಕೋಟಿ 30 ಲಕ್ಷ ಡಾಲರ್ ಗಳಿಸಿ ಸ್ಟುಡಿಯೋಗೆ ಉಸಿರು ಕೊಟ್ಟಿತು. ಹೇಯ್ಸ್ ಅತ್ಯುತ್ತಮ ಗೀತೆಗೆ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದರಾದರು. ಲಾಭದ ಹೆಚ್ಚಿನ ಪಾಲು ಹಳೆಯ ಒಡೆಯರ ಬೊಕ್ಕಸವನ್ನೇ ಸೇರಿತು.

ಈ ಚಿತ್ರಗಳಲ್ಲಿ ಸಂಗೀತ ವಹಿಸಿದ ಪಾತ್ರವನ್ನು ಬೇರೆಯಾಗಿಯೇ ಹೇಳಬೇಕು. ಪ್ರಚಾರಕ್ಕೆ ಹಣವಿಲ್ಲದಿದ್ದ ವ್ಯಾನ್ ಪೀಬಲ್ಸ್, ಆಗಿನ್ನೂ ಹೊಸಬರಾಗಿದ್ದ ‘ಅರ್ತ್, ವಿಂಡ್ ಆ್ಯಂಡ್ ಫೈರ್’ ತಂಡದಿಂದ ನುಡಿಸಿದ ಹಾಡುಗಳ ಗ್ರಾಮಫೋನ್ ತಟ್ಟೆಯನ್ನು ಚಿತ್ರದ ಪ್ರಚಾರಕ್ಕೆಂದೇ ಮೊದಲು ಹೊರತಂದಿದ್ದರು. ಅದು ಮುಂದಿನವರಿಗೆ ಮಾದರಿಯಾಯಿತು. 1972ರ ‘ಸೂಪರ್ ಫ್ಲೈ’ ಚಿತ್ರದಲ್ಲಿ ಈ ವಿಧಾನ ವ್ಯಾಪಾರದ ಉಪಾಯದ ಮಟ್ಟವನ್ನು ದಾಟಿ ಕಲೆಯಾಯಿತು. ಗಾರ್ಡನ್ ಪಾರ್ಕ್ಸ್ ಅವರ ಮಗ, ಕಿರಿಯ ಗಾರ್ಡನ್ ಪಾರ್ಕ್ಸ್ ನಿರ್ದೇಶಿಸಿದ ಇದಕ್ಕೆ ಕಪ್ಪು ವ್ಯಾಪಾರಿಗಳೂ ವೃತ್ತಿನಿರತರೂ ಹಣ ಕೂಡಿಸಿಕೊಟ್ಟಿದ್ದರು. ತಂತ್ರಜ್ಞರಲ್ಲಿ ಬಹಳ ಮಂದಿ ಕಪ್ಪು ಮತ್ತು ಪೋರ್ಟೋರಿಕನ್ ಯುವಕರು. ವಿತರಣೆ ಮಾತ್ರ ವಾರ್ನರ್ ಸಂಸ್ಥೆಯದು. ಕೊಕೇನ್ ದಂಧೆ ಮಾಡುವ ಪ್ರೀಸ್ಟ್ ಎಂಬಾತ ಕೊನೆಯದೊಂದು ದೊಡ್ಡ ವ್ಯವಹಾರ ಮಾಡಿ ದಂಧೆ ಬಿಡಲು ಹೊರಡುವುದು ಕಥೆ. ಪ್ರೀಸ್ಟ್ ಆಗಿ ನಟಿಸಿದ ರಾನ್ ಓನೀಲ್ ರಂಗಭೂಮಿಯಲ್ಲಿ ಹೆಸರು ಮಾಡಿ ಪ್ರಶಸ್ತಿ ಗಳಿಸಿದ್ದ ನಟ.

ಚಿತ್ರದ ದೃಶ್ಯಗಳನ್ನು ನೋಡಿದ ಸಂಗೀತಗಾರ ಕರ್ಟಿಸ್ ಮೇಫೀಲ್ಡ್ ಅವರಿಗೆ ಇದು ಕೊಕೇನಿನ ಜಾಹೀರಾತಿನಂತೆ ಕಂಡಿತು. ಆದ್ದರಿಂದ ಅವರು ಚಿತ್ರದೊಡನೆ ವಾದಕ್ಕಿಳಿಯುವ ಹಾಡುಗಳನ್ನು ಬರೆದರು. ಫ್ರೆಡಿ ಎಂಬ ಬಡಪಾಯಿ ಪಾತ್ರ ಪೊಲೀಸರ ಹೊಡೆತ ತಿಂದು, ಬಾಯಿಬಿಟ್ಟು, ತಪ್ಪಿಸಿಕೊಳ್ಳಲು ಓಡಿ ಕಾರಿಗೆ ಸಿಕ್ಕಿ ಸಾಯುತ್ತದೆ. ಕಥೆ ಅವನನ್ನು ಅಲ್ಲಿಗೇ ಮರೆಯುತ್ತದೆ. ಮೇಫೀಲ್ಡ್ ಮರೆಯಲಿಲ್ಲ, ಎಲ್ಲರೂ ಬಳಸಿ ಬಿಸಾಡಿದ ಆ ಮನುಷ್ಯನಿಗಾಗಿಯೇ ‘ಫ್ರೆಡೀಸ್ ಡೆಡ್’ ಎಂಬ ಹಾಡು ಕಟ್ಟಿದರು. ಚಿತ್ರದಲ್ಲಿ ಆ ಹಾಡಿನ ಧಾಟಿ ಮಾತ್ರ ವಾದ್ಯಗಳಲ್ಲಿ ಕೇಳುತ್ತದೆ, ಸಾಹಿತ್ಯವಿಲ್ಲ. ಆದರೆ ಚಿತ್ರಕ್ಕಿಂತ ಮೊದಲೇ ಹಾಡು ರೇಡಿಯೋದಲ್ಲಿ ಬಂದು ಜನರ ಬಾಯಲ್ಲಿ ಕೂತಿದ್ದರಿಂದ, ಆ ಧಾಟಿ ಕೇಳಿದೊಡನೆ ಸಭಾಂಗಣದಲ್ಲಿ ಕೂತ ಪ್ರೇಕ್ಷಕನ ಮನಸ್ಸಿನಲ್ಲಿ ಮಾತು ತಾನಾಗಿ ಕೂಡಿಕೊಳ್ಳುತ್ತಿತ್ತು. ಪರದೆಯ ಮೇಲೆ ಪ್ರೀಸ್ಟ್‌ನ ಕಾರು, ಕೋಟುಗಳ ಮೆರೆದಾಟ ನಡೆದಿರುವಾಗಲೇ ಒಳಗಿವಿಯಲ್ಲಿ ಫ್ರೆಡಿಯ ಸಾವಿನ ಸುದ್ದಿ ಕೇಳುತ್ತಿರುತ್ತದೆ. ಈ ಪರಂಪರೆಯ ಒಟ್ಟು ಸಾಧನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ತೋರುವುದು ಹೀಗೆ ಸಂಗೀತ ಚಿತ್ರವನ್ನು ಒಳಗಿನಿಂದಲೇ ಪ್ರಶ್ನಿಸಿದ ರೀತಿ.

ಇಷ್ಟಾದ ಮೇಲೆ ಬಾಗಿಲು ಪೂರ್ತಿ ತೆರೆಯಿತು. ಪಿಶಾಚಿ ಚಿತ್ರಗಳು, ಕರಾಟೆ ಚಿತ್ರಗಳು, ಮಾಫಿಯಾ ಚಿತ್ರಗಳು ಎಲ್ಲಕ್ಕೂ ಕಪ್ಪು ಆವೃತ್ತಿ ಬಂತು. ಜಿಮ್ ಬ್ರೌನ್, ಫ್ರೆಡ್ ವಿಲಿಯಮ್ಸನ್ ಮೊದಲಾದ ಅಮೆರಿಕನ್ ಫುಟ್‌ಬಾಲ್ ಆಟಗಾರರು ನಾಯಕರಾದರು. ಇವುಗಳಲ್ಲಿ ಬಹುಪಾಲಿನ ನಿರ್ಮಾಪಕರೂ ನಿರ್ದೇಶಕರೂ ಬಿಳಿಯರು. ಅಗ್ಗದ ಚಿತ್ರಗಳಲ್ಲಿ ನುರಿತಿದ್ದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆ ಇಲ್ಲಿ ಮುಂಚೂಣಿಯಲ್ಲಿತ್ತು. ಮೊದಲು ಹೆಸರು, ಆಮೇಲೆ ಭಿತ್ತಿಪತ್ರ, ಕೊನೆಗೆ ಕಥೆ ಎಂಬ ಕ್ರಮಕ್ಕೆ ಹೆಸರಾದ ಸಂಸ್ಥೆ ಅದು. ತನ್ನ ಕೈತಪ್ಪಿ ವಾರ್ನರ್ ಪಾಲಾದ ‘ಕ್ಲಿಯೋಪಾತ್ರ ಜೋನ್ಸ್’ ಎಂಬ ಕಥೆಗೆ ಎದುರಾಗಿ ಅದು ಜ್ಯಾಕ್ ಹಿಲ್ ಎಂಬ ಬಿಳಿಯ ನಿರ್ದೇಶಕನಿಂದ ಸುಮಾರು 5 ಲಕ್ಷ ಡಾಲರಿನಲ್ಲಿ ಮಾಡಿಸಿದ್ದೇ 1973ರ ‘ಕಾಫಿ’. ಹನ್ನೊಂದು ವರ್ಷದ ತಂಗಿಯನ್ನು ಮಾದಕವಸ್ತುವಿಗೆ ಬಲಿಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವ ದಾದಿಯ ಪಾತ್ರದಲ್ಲಿ ಪ್ಯಾಮ್ ಗ್ರಿಯರ್ ನಟಿಸಿದರು. ಆಕೆ ಬೀದಿಯ ಮಾರಾಟಗಾರನಿಂದ ಶುರುಮಾಡಿ, ತಲೆಹಿಡುಕನನ್ನು ದಾಟಿ, ಮಾಫಿಯಾವನ್ನು ದಾಟಿ, ಕೊನೆಗೆ ಚುನಾವಣೆಗೆ ನಿಂತ ತನ್ನ ಪ್ರಿಯಕರನೂ ಅದೇ ಸರಪಳಿಯ ಕೊಂಡಿಯೆಂದು ಕಂಡುಕೊಳ್ಳುತ್ತಾಳೆ.

ಚಿತ್ರದ ಒಂದು ಹೊಡೆದಾಟಕ್ಕೆ ಮೊದಲು ಕಾಫಿ ತನ್ನ ಆಫ್ರೋ ಕೂದಲೊಳಗೆ ರೇಜರ್ ಬ್ಲೇಡುಗಳನ್ನು ಸಿಕ್ಕಿಸಿಕೊಳ್ಳುತ್ತಾಳೆ. ಜಗಳಕ್ಕೆ ಬಂದವಳು ಕೂದಲಿಗೆ ಕೈಹಾಕಿದ ಕ್ಷಣವೇ ಕೈ ಸೀಳಿ ಚೀರುತ್ತಾಳೆ. ಅಗ್ಗದ ರೋಮಾಂಚನವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸುರುಳಿಗೂದಲನ್ನು ರಾಸಾಯನಿಕ ಹಚ್ಚಿ ನೇರ ಮಾಡಿಕೊಳ್ಳಬೇಕೆಂಬ ಒತ್ತಾಯವನ್ನು ತಲೆಮಾರುಗಳಿಂದ ಹೊತ್ತಿದ್ದ ಹೆಂಗಸರು, ಅದನ್ನು ಸಹಜವಾಗಿ ಬೆಳೆಯಬಿಟ್ಟು ಅಭಿಮಾನದ ಗುರುತಾಗಿ ಧರಿಸಿದ ಕಾಲವದು. ಆ ಕೂದಲೇ ಆಯುಧವಾದಾಗ ಚಿತ್ರಮಂದಿರದಲ್ಲಿ ಎದ್ದ ಕೇಕೆಗೆ ಆ ಅನುಭವವೇ ಕಾರಣ. ಅದೇ ಚಿತ್ರದಲ್ಲಿ ಕ್ಯಾಮೆರಾ ಗ್ರಿಯರ್ ಅವರ ಮೈಯನ್ನು ಮಾರಾಟದ ಸರಕಿನಂತೆ ಮತ್ತೆ ಮತ್ತೆ ಬಿಚ್ಚಿ ತೋರಿಸುತ್ತದೆ. ಶಕ್ತಿ ಮತ್ತು ಶೋಷಣೆ ಎರಡೂ ಒಂದೇ ಚೌಕಟ್ಟಿನೊಳಗಿವೆ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬಾರದು.

ಗ್ರಿಫಿನ್ ಮತ್ತು ಸಂಗಡಿಗರ ಆಕ್ಷೇಪ ಗಟ್ಟಿಯಾದದ್ದು ಈ ಹಂತದಲ್ಲಿ. ಹಲವು ನಾಗರಿಕ ಹಕ್ಕು ಸಂಘಟನೆಗಳು ಸೇರಿ ಈ ಚಿತ್ರಗಳ ವಿರುದ್ಧ ಒಕ್ಕೂಟ ಕಟ್ಟಿದವು. ಕಪ್ಪು ಮಕ್ಕಳ ಕಣ್ಣೆದುರು ತಲೆಹಿಡುಕರನ್ನೂ ಮಾದಕವಸ್ತು ಮಾರುವವರನ್ನೂ ವೀರರನ್ನಾಗಿ ನಿಲ್ಲಿಸಿ, ಆ ಮಕ್ಕಳ ಕಾಸಿನಿಂದಲೇ ಬಿಳಿಯರ ಸ್ಟುಡಿಯೋಗಳು ಬದುಕುತ್ತಿವೆ ಎಂಬುದು ಅವರ ವಾದ. ಹೆರಾಯಿನ್ ಮನೆಗಳನ್ನು ಹಾಳುಮಾಡುತ್ತಿದ್ದ ಕೇರಿಗಳಲ್ಲಿ ಬದುಕಿದವರ ಆತಂಕ ಅದಾಗಿತ್ತಾದ್ದರಿಂದ ಅದನ್ನು ಬರೀ ಮಡಿವಂತಿಕೆ ಎನ್ನಲಾಗದು. ಹಲವು ಕಪ್ಪು ನಟರೂ ತಂತ್ರಜ್ಞರೂ ಇದಕ್ಕೆ ಕೆರಳಿ ಉತ್ತರಿಸಿದರು: ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತಮಗೆ ಕೆಲಸ ಸಿಕ್ಕಿದೆ, ಈ ಚಿತ್ರಗಳು ನಿಂತರೆ ಒಳ್ಳೆಯ ಚಿತ್ರಗಳೇನೂ ಬರುವುದಿಲ್ಲ, ಬರುವುದು ನಿರುದ್ಯೋಗ ಎಂದು.

ಆ ನಟರ, ತಂತ್ರಜ್ಞರ ಆತಂಕವೇ ನಿಜವಾಯಿತು. 1972ರ ‘ದಿ ಗಾಡ್‌ಫಾದರ್’, 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರಗಳಿಗೆ ಕಪ್ಪು ಪ್ರೇಕ್ಷಕರು ದೊಡ್ಡ ಸಂಖ್ಯೆಯಲ್ಲಿ ಹೋದದ್ದನ್ನು ಸ್ಟುಡಿಯೋಗಳು ಗಮನಿಸಿದವು. ಅವರಿಗಾಗಿ ಪ್ರತ್ಯೇಕ ಚಿತ್ರ ಮಾಡದಿದ್ದರೂ ಟಿಕೆಟ್ ಹಣ ಬರುತ್ತದೆಂದು ಲೆಕ್ಕ ಹಾಕಿದವು. 1975ರ ‘ಜಾಸ್’ ನಂತರ ಹಾಲಿವುಡ್‌ನ ಹಣವೆಲ್ಲ ದೇಶದಾದ್ಯಂತ ಒಟ್ಟಿಗೆ ಬಿಡುಗಡೆಯಾಗುವ ಭಾರಿ ಚಿತ್ರಗಳತ್ತ ಹರಿಯಿತು. ಊರ ನಡುವಿನ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು. ಸ್ಟುಡಿಯೋಗಳನ್ನು ಮುಳುಗದಂತೆ ಹಿಡಿದಿದ್ದ ನಟನಟಿಯರನ್ನು ಕರೆದು ಮಾತಾಡಿಸುವವರಿಲ್ಲವಾಯಿತು. ಪ್ಯಾಮ್ ಗ್ರಿಯರ್ ಅವರಿಗೆ ಅವರ ಅರ್ಹತೆಗೆ ತಕ್ಕ ಮುಖ್ಯಪಾತ್ರ ಮತ್ತೆ ದೊರೆತದ್ದು 1997ರಲ್ಲಿ.

ಈ ಪರಂಪರೆಯೊಳಗೆ ಸೇರಿದಂತೆ ಕಾಣುವ, ಆದರೆ ಅದನ್ನೇ ಮರೆಯಾಗಿ ಬಳಸಿಕೊಂಡ ಒಂದು ಚಿತ್ರವನ್ನು ಹೇಳದೆ ಈ ಮಾತು ಪೂರ್ತಿಯಾಗದು. ಸ್ಯಾಮ್ ಗ್ರೀನ್‌ಲೀ ಅವರ ಕಾದಂಬರಿಯನ್ನು ಆಧರಿಸಿ ಐವನ್ ಡಿಕ್ಸನ್ ನಿರ್ದೇಶಿಸಿದ ‘ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್’ 1973ರಲ್ಲಿ ಬಂತು. ಡ್ಯಾನ್ ಫ್ರೀಮನ್ ಎಂಬಾತ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸೇರುವ ಮೊದಲ ಕಪ್ಪು ಅಧಿಕಾರಿ. ಲೆಕ್ಕಕ್ಕಷ್ಟೇ ಸೇರಿಸಿಕೊಂಡ ಸಂಸ್ಥೆ ಅವನನ್ನು ನಕಲುಯಂತ್ರದ ಮುಂದೆ ಕೂರಿಸುತ್ತದೆ. ಐದು ವರ್ಷ ತಲೆತಗ್ಗಿಸಿ ದುಡಿದ ಅವನು ರಾಜೀನಾಮೆ ಕೊಟ್ಟು ಷಿಕಾಗೋಗೆ ಮರಳಿ, ತಾನು ಕಲಿತ ಗೆರಿಲ್ಲಾ ವಿದ್ಯೆಯನ್ನೆಲ್ಲ ಕೇರಿಯ ಹುಡುಗರಿಗೆ ಕಲಿಸುತ್ತಾನೆ. ಹಣ ಬಹುಮಟ್ಟಿಗೆ ಕಪ್ಪು ಹೂಡಿಕೆದಾರರಿಂದ ಬಂದಿತ್ತು. ಷಿಕಾಗೋ ನಗರಾಡಳಿತದ ಸಹಕಾರ ಸಿಗದ ಕಾರಣ ಹೆಚ್ಚಿನ ಚಿತ್ರೀಕರಣ ನಡೆದದ್ದು ಇಂಡಿಯಾನಾದ ಗ್ಯಾರಿ ಎಂಬ ಊರಿನಲ್ಲಿ. ಅಲ್ಲಿನ ಮೇಯರ್ ರಿಚರ್ಡ್ ಹ್ಯಾಚರ್ ಕಪ್ಪು ಜನಾಂಗದವರಾಗಿದ್ದು, ಚಿತ್ರತಂಡಕ್ಕೆ ಬೇಕಾದ ನೆರವು ನೀಡಿದರು. ಕೈಯಲ್ಲಿದ್ದ ಹಣ ಮುಗಿದಾಗ ಡಿಕ್ಸನ್, ಹೊಡೆದಾಟದ ತುಣುಕುಗಳನ್ನಷ್ಟೇ ಜೋಡಿಸಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ತೋರಿಸಿದರು. ಗಲ್ಲಾಪೆಟ್ಟಿಗೆ ತುಂಬುವ ಮತ್ತೊಂದು ಸಾಹಸಚಿತ್ರವೆಂದು ನಂಬಿ ಸಂಸ್ಥೆ ಹಣ ಕೊಟ್ಟಿತು. ಪೂರ್ತಿ ಚಿತ್ರವನ್ನು ಕಂಡಾಗ ಅದು ಸಶಸ್ತ್ರ ಬಂಡಾಯದ ಕಥೆಯೆಂದು ತಿಳಿಯಿತು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಚಿತ್ರ ಮಂದಿರಗಳಿಂದ ಕಾಣೆಯಾಯಿತು. ಎಫ್‌ಬಿಐ ಒತ್ತಡವೇ ಅದಕ್ಕೆ ಕಾರಣವೆಂದು ಗ್ರೀನ್‌ಲೀ ಬದುಕಿರುವವರೆಗೂ ಹೇಳುತ್ತಿದ್ದರು. ಮೂಲ ನೆಗೆಟಿವ್ ಮಾತ್ರ ಸಂಗ್ರಹಾಗಾರದಲ್ಲಿ ಬೇರೊಂದು ಹೆಸರಿನಡಿ ಭದ್ರವಾಗಿತ್ತು. ಅದರಿಂದ ಮಾಡಿದ ಪ್ರತಿ 2004ರಲ್ಲಿ ಡಿವಿಡಿಯಾಗಿ ಹೊರಬಂತು, 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಿತು.